ರ್ಯೂಕ್ಯೂ ಗೋಲ್ಡನ್ ಕಿಂಗ್ಸ್ ಹೋಮ್ ಮ್ಯಾಚ್, ಒಕಿನಾವಾ: ದುಡ್ಡಿಗೆ ಮೋಸ ಇಲ್ಲ, ಆದ್ರೆ ಕಥೆ ತಿಳ್ಕೊಂಡು ಹೋಗಿ

ಐದಕ್ಕೆ ನಾಲ್ಕೂವರೆ ಸ್ಟಾರ್. ಆ ಅರ್ಧ ಸ್ಟಾರ್ ಕಟ್ ಆಗಿದ್ದು ಆಟಕ್ಕೂ ಅಲ್ಲ, ಸ್ಟೇಡಿಯಂಗೂ ಅಲ್ಲ, ಯಾಕೆ ಅಂತ ಮುಂದೆ ಬರೀತೀನಿ. ಜಪಾನಿನ ಒಕಿನಾವಾ ದ್ವೀಪಕ್ಕೆ ಟೂರ್ ಹೋಗೋ ನಮ್ಮೋರು ಬೀಚು, ಅಕ್ವೇರಿಯಂ, ಶುರಿ ಕೋಟೆ ಇಷ್ಟು ಮುಗಿಸಿ ಫ್ಲೈಟ್ ಹತ್ತಿಬಿಡ್ತಾರೆ, ಅಕ್ಟೋಬರ್‌ನಿಂದ ಮೇ ಒಳಗೆ ಹೋಗೋರಿದ್ರೆ ಒಂದು ಸಂಜೆ ಬಾಸ್ಕೆಟ್‌ಬಾಲ್‌ಗೆ ಇಟ್ಕೊಳ್ಳಿ ಅನ್ನೋದು ನನ್ನ ಸಲಹೆ, ಬಾಸ್ಕೆಟ್‌ಬಾಲ್ ರೂಲ್ಸ್ ಸರಿಯಾಗಿ ಗೊತ್ತಿಲ್ಲದಿದ್ರೂ ಪರವಾಗಿಲ್ಲ. ಆದ್ರೆ ರ್ಯೂಕ್ಯೂ ಗೋಲ್ಡನ್ ಕಿಂಗ್ಸ್ ಅನ್ನೋ ಈ ಬಾಸ್ಕೆಟ್‌ಬಾಲ್ ಕ್ಲಬ್ ಹುಟ್ಟಿದ್ದು ಹೇಗೆ, ಯಾರ ಎದುರು ನಿಂತ್ಕೊಂಡು ಬೆಳೀತು ಅಂತ ಸ್ವಲ್ಪನಾದ್ರೂ ತಿಳ್ಕೊಂಡು ಹೋದ್ರೆ ಮಜಾನೇ ಬೇರೆ. ಇಲ್ಲಾಂದ್ರೆ ಲೈಟು ಮ್ಯೂಸಿಕ್ಕು ನೋಡಿ ‘ಓ ಅಮೆರಿಕಾದ ಎನ್‌ಬಿಎ ಲೀಗ್ ಕಾಪಿ’ ಅಂತ ಹೇಳಿ ವಾಪಸ್ ಬರ್ತೀರ. ಹಾಗಾಗಿ ಈ ರಿವ್ಯೂನಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಸ್ಟರಿನೇ ಇದೆ, ಬೋರ್ ಆಗೋರು ನೇರ ಕೆಳಗೆ ಹೋಗಿ ಊಟ, ಸೀಟು, ಬಸ್ಸಿನ ವಿಷಯ ಓದ್ಕೊಳ್ಳಿ.

ಜಪಾನಲ್ಲಿ ಬಾಸ್ಕೆಟ್‌ಬಾಲ್ ಅಂದ್ರೆ ತುಂಬಾ ವರ್ಷ ಕಂಪನಿಗಳ ಆಟ. ಟೊಯೋಟಾ, ಹಿಟಾಚಿ, ತೊಶಿಬಾ, ಮಿತ್ಸುಬಿಷಿ ಎಲೆಕ್ಟ್ರಿಕ್, ಐಸಿನ್, ಇವರೆಲ್ಲ ತಮ್ಮ ತಮ್ಮ ಟೀಮ್ ಇಟ್ಕೊಂಡಿದ್ರು, ಎಷ್ಟೋ ಜನ ಆಟಗಾರರು ಆ ಕಂಪನಿಯ ಪೇರೋಲ್‌ನಲ್ಲೇ ಇರೋರು. ಟಿಕೆಟ್ ಮಾರಿ ಬದುಕಬೇಕು ಅನ್ನೋ ಅಗತ್ಯ ಯಾರಿಗೂ ಇರಲಿಲ್ಲ, ಮ್ಯಾಚ್ ನೋಡೋಕೆ ಕಂಪನಿ ಸಹೋದ್ಯೋಗಿಗಳು ಬಂದ್ರೆ ಸಾಕು. ಈ ವ್ಯವಸ್ಥೆ ನಮಗೆ ಬೇಡ ಅಂತ ನೀಗಾತಾ ಮತ್ತೆ ಸೈತಾಮಾ ಕ್ಲಬ್‌ಗಳು ಆಚೆ ಬಂದು, ಸೆಂಡೈ, ಟೋಕಿಯೊ, ಒಸಾಕಾ, ಓಯಿತಾ ಸೇರ್ಕೊಂಡು ಒಟ್ಟು 6 ಟೀಮ್‌ಗಳಲ್ಲಿ 2005ರ ನವೆಂಬರ್‌ನಲ್ಲಿ ಬಿಜೆ ಲೀಗ್ ಅಂತ ಶುರು ಮಾಡಿದ್ರು. ಊರಿನ ಹೆಸರಲ್ಲಿ ಟೀಮ್, ಸ್ಯಾಲರಿ ಕ್ಯಾಪ್ (ಆಟಗಾರರ ಒಟ್ಟು ಸಂಬಳಕ್ಕೆ ಮಿತಿ), ಡ್ರಾಫ್ಟ್ (ಹೊಸ ಆಟಗಾರರನ್ನ ಟೀಮ್‌ಗಳು ಸರದಿ ಪ್ರಕಾರ ಆರಿಸ್ಕೊಳ್ಳೋದು), ಚಿಯರ್‌ಲೀಡರ್ಸ್, ಡಿಜೆ, ಎಲ್ಲಾ ಅಮೆರಿಕಾ ಸ್ಟೈಲ್. ಜಪಾನ್ ಬಾಸ್ಕೆಟ್‌ಬಾಲ್ ಅಸೋಸಿಯೇಷನ್‌ಗೆ ಇವರನ್ನ ಕಂಡ್ರೆ ಆಗ್ತಿರಲಿಲ್ಲ. ಒಂದೇ ದೇಶದಲ್ಲಿ ಎರಡು ಟಾಪ್ ಲೀಗ್, ಒಬ್ಬರ ಮುಖ ಒಬ್ಬರು ನೋಡಲ್ಲ.

ಒಕಿನಾವಾ ಈ ಜಗಳದ ಮಧ್ಯೆ ಬಂದಿದ್ದು. 2006ರಲ್ಲಿ ಕಿಮುರಾ ತಾತ್ಸುರೋ ಅನ್ನೋರು ಅಲ್ಲಿ ಕ್ಲಬ್ ಕಂಪನಿ ಶುರು ಮಾಡಿದ್ರು. ಒಕಿನಾವಾ ಅಂದ್ರೆ ಜಪಾನಿನ ಪ್ರಿಫೆಕ್ಚರ್‌ಗಳಲ್ಲಿ, ಅಂದ್ರೆ ಪ್ರಾಂತ್ಯಗಳಲ್ಲಿ, ತಲಾ ಆದಾಯದಲ್ಲಿ ಕೊನೇಲಿರೋ ಜಾಗ, ದೊಡ್ಡ ಫ್ಯಾಕ್ಟರಿ ಇಲ್ಲ, ಹಿಂದೆ ನಿಂತ್ಕೊಳ್ಳೋ ಟೊಯೋಟಾ ಥರದ ಗಟ್ಟಿ ಕುಳ ಇಲ್ಲ, ಒಂದೊಂದು ಅವೇ ಮ್ಯಾಚ್‌ಗೂ ಇಡೀ ಟೀಮ್ ವಿಮಾನ ಹತ್ತಲೇಬೇಕು ಯಾಕಂದ್ರೆ ದ್ವೀಪ, ರೈಲಿಲ್ಲ ರೋಡಿಲ್ಲ. ಲೆಕ್ಕಾಚಾರ ಗೊತ್ತಿರೋ ಯಾರಾದ್ರೂ ‘ಬೇಡ ಬಿಡಪ್ಪ’ ಅಂತಾನೇ ಅನ್ನೋರು. ಹೆಸರು ಮಾತ್ರ ಚಿಕ್ಕದಾಗಿ ಇಡಲಿಲ್ಲ. ರ್ಯೂಕ್ಯೂ ಅಂದ್ರೆ 1429ರಿಂದ 1879ರ ತನಕ ಅಲ್ಲಿ ಇದ್ದ ಸ್ವಂತ ರಾಜ್ಯದ ಹೆಸರು, ಜಪಾನ್ ಅದನ್ನ ತನ್ನೊಳಗೆ ಸೇರಿಸ್ಕೊಂಡಿದ್ದು 1879ರಲ್ಲಿ. ಟೀಮ್‌ಗೆ ‘ಒಕಿನಾವಾ’ ಅನ್ನೋ ಪ್ರಿಫೆಕ್ಚರ್ ಹೆಸರು ಬಿಟ್ಟು ಆ ರಾಜ್ಯದ ಹೆಸರನ್ನೇ ಇಟ್ಟಿದ್ದಾರೆ ಅನ್ನೋದು ಗಮನಿಸಿ, ಅಲ್ಲಿನ ಜನಕ್ಕೆ ಅದು ಸಣ್ಣ ವಿಷಯ ಅಲ್ಲ.

2007-08 ಮೊದಲ ಸೀಸನ್. 10 ಗೆಲುವು, 34 ಸೋಲು. ವೆಸ್ಟರ್ನ್ ಕಾನ್ಫರೆನ್ಸ್‌ನಲ್ಲಿ ಕೊನೇ ಸ್ಥಾನ. ರಾಜರ ಹೆಸರಿಟ್ಕೊಂಡು ಅಡ್ರೆಸ್ಸಿಗೇ ಇಲ್ಲ.

ಮುಂದಿನ ವರ್ಷ ಏನಾಯ್ತು ನೋಡಿ. ಓಯಿತಾದಿಂದ ಒಕೆತಾನಿ ದಾಯ್ ಅನ್ನೋ ಕೋಚ್ ಬಂದ್ರು, ಆಗ ಅವರಿಗೆ ಮೂವತ್ತೊಂದೋ ಏನೋ, ಕೋಚ್‌ಗಿಂತ ಸೀನಿಯರ್ ಪ್ಲೇಯರ್ ಥರ ಕಾಣೋ ವಯಸ್ಸು. ಒಸಾಕಾ ಎವೆಸ್ಸಾ ಜೊತೆ ಲೀಗ್‌ನ ಮೊದಲ ಮೂರು ಟೈಟಲ್ಲೂ ಗೆದ್ದಿದ್ದ ಜೆಫ್ ನ್ಯೂಟನ್ ಅನ್ನೋ ಇಂಡಿಯಾನಾ ಯೂನಿವರ್ಸಿಟಿಯ ಹಳೇ ಆಟಗಾರ ಕಿಂಗ್ಸ್‌ಗೆ ಬಂದ. ಕೊನೇ ಸ್ಥಾನದಲ್ಲಿದ್ದ ಟೀಮ್ 41 ಗೆದ್ದು 11 ಸೋತು ಟಾಪ್‌ಗೆ ಹೋಯ್ತು, ಟೋಕಿಯೋದ ಅರಿಯಾಕೆ ಕೊಲೋಸಿಯಂನಲ್ಲಿ ನಡೆದ ಫೈನಲ್‌ನಲ್ಲಿ ಟೋಕಿಯೊ ಅಪಾಚೆ ವಿರುದ್ಧ ಗೆದ್ದೇಬಿಟ್ಟಿತು. ಆ ಅಪಾಚೆ ಟೀಮ್‌ನ ಕೋಚ್ ಯಾರು ಗೊತ್ತಾ, ಜೋ ಬ್ರಯಂಟ್, ಕೋಬಿ ಬ್ರಯಂಟ್ ಅವರ ಅಪ್ಪ. ಕೋಬಿ ಅಪ್ಪನ ಟೀಮನ್ನ ರಾಜಧಾನಿಗೇ ಹೋಗಿ ಸೋಲಿಸಿ ಕಪ್ ತಂದಿದ್ದು ಹುಟ್ಟಿ ಎರಡನೇ ವರ್ಷದ ಕ್ಲಬ್ಬು. ಅಲ್ಲಿಂದ ಮುಂದೆ 2011-12, 2013-14, 2015-16 ಅಂತ ಇನ್ನೂ ಮೂರು ಟೈಟಲ್ ಬಂತು. ಒಟ್ಟು ನಾಲ್ಕು, ಅದ್ರಲ್ಲಿ ಕೊನೇದು ಬಿಜೆ ಲೀಗ್‌ನ ಕೊನೇ ಸೀಸನ್ನೇ, ಅಂದ್ರೆ ಆ ಲೀಗ್ ಬಾಗಿಲು ಹಾಕಿದಾಗ ಚಾಂಪಿಯನ್ ಆಗಿದ್ದಿದ್ದು ಇವರೇ.

ಇಲ್ಲಿ ಒಂದು ಮಾತು. ಕೋಚ್ ಬಂದ, ಫಾರಿನ್ ಪ್ಲೇಯರ್ ಬಂದ, ಕಪ್ ಬಂತು ಅಂತ ಕೆಲವರು ಕಥೆ ಮುಗಿಸಿಬಿಡ್ತಾರೆ, ನಂಗೆ ಅದು ಅರ್ಧ ಸತ್ಯ ಅನ್ಸುತ್ತೆ. ಒಕಿನಾವಾದಲ್ಲಿ ಬಾಸ್ಕೆಟ್‌ಬಾಲ್ ಹುಚ್ಚು ಕ್ಲಬ್ ಹುಟ್ಟೋಕೆ ಎಷ್ಟೋ ಮೊದಲಿಂದ ಇತ್ತು. 1945ರಿಂದ 1972ರ ಮೇ 15ರ ತನಕ ಆ ದ್ವೀಪ ಅಮೆರಿಕಾ ಆಡಳಿತದಲ್ಲಿತ್ತು, ಅವರ ಮಿಲಿಟರಿ ಬೇಸ್‌ಗಳು ಇವತ್ತಿಗೂ ಇವೆ, ಅದರ ರಾಜಕೀಯ ಬೇರೆ, ನೋವೂ ಬೇರೆ, ಆದ್ರೆ ಬೇಲಿ ಆಚೆಯಿಂದ ಬಂದಿದ್ದರಲ್ಲಿ ಈ ಆಟನೂ ಒಂದು. ಊರೊಳಗೆ ಸುಮ್ಮನೆ ಓಡಾಡಿದ್ರೂ ಮನೆ ಮುಂದೆ, ಪಾರ್ಕಲ್ಲಿ, ಪಾರ್ಕಿಂಗ್ ಮೂಲೇಲಿ ಬಾಸ್ಕೆಟ್ ರಿಂಗ್ ಕಾಣುತ್ತೆ, ಟೋಕಿಯೋದಲ್ಲಿ ಹುಡುಕಿದ್ರೂ ಅಷ್ಟು ಸಿಗಲ್ಲ. 1978ರಲ್ಲಿ ಉತ್ತರ ಒಕಿನಾವಾದ ಹಳ್ಳಿ ಕಡೆಯ ಹೆಂತೋನಾ ಹೈಸ್ಕೂಲ್ ಅನ್ನೋ ಸಣ್ಣ ಶಾಲೆ ಆಲ್ ಜಪಾನ್ ಹೈಸ್ಕೂಲ್ ಟೂರ್ನಮೆಂಟ್‌ನಲ್ಲಿ ಮೂರನೇ ಸ್ಥಾನಕ್ಕೆ ಬಂದಿತ್ತು. ಕುಳ್ಳ ಹುಡುಗರು, ಎತ್ತರದೋರು ಉಸಿರು ತಗೊಳ್ಳೋಕೂ ಬಿಡದಂಗೆ ಓಡಿ ಓಡಿ ಗೆದ್ದಿದ್ದು. ಅಲ್ಲಿ ವಯಸ್ಸಾದೋರ ಹತ್ರ ಬಾಸ್ಕೆಟ್‌ಬಾಲ್ ಮಾತು ತೆಗೆದ್ರೆ ಕಿಂಗ್ಸ್‌ಗಿಂತ ಮೊದಲು ಹೆಂತೋನಾ ಹೆಸರು ಬರುತ್ತೆ. ಅಂದ್ರೆ ಕಿಮುರಾ ಮಾಡಿದ್ದು ಏನಂದ್ರೆ ಇಲ್ಲದ ಬೇಡಿಕೆ ಹುಟ್ಟಿಸಿದ್ದಲ್ಲ, ಇದ್ದ ಹುಚ್ಚಿಗೆ ಒಂದು ಕೌಂಟರ್ ತೆಗೆದು ಟಿಕೆಟ್ ಮಾರಿದ್ದು. ಇದನ್ನ ಟೊಯೋಟಾ ದುಡ್ಡು ಕೊಟ್ರೂ ಕೊಂಡ್ಕೊಳ್ಳೋಕೆ ಆಗಲ್ಲ.

ಸರಿ, ಎರಡು ಲೀಗ್ ಜಗಳ ಏನಾಯ್ತು ಅಂದ್ರೆ, ಒಳಗೊಳಗೇ ಸರಿ ಮಾಡ್ಕೊಳ್ಳಿ ಅಂತ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫೀಬಾ ಎಷ್ಟು ಹೇಳಿದ್ರೂ ಜಪ್ಪಯ್ಯ ಅನ್ನಲಿಲ್ಲ, ಕೊನೆಗೆ 2014ರ ನವೆಂಬರ್‌ನಲ್ಲಿ ಫೀಬಾ ಜಪಾನನ್ನೇ ಸಸ್ಪೆಂಡ್ ಮಾಡ್ತು. ನ್ಯಾಷನಲ್ ಟೀಮ್ ಇಂಟರ್‌ನ್ಯಾಷನಲ್ ಮ್ಯಾಚ್ ಆಡೋ ಹಾಗಿಲ್ಲ. ಆಗ ಫುಟ್‌ಬಾಲ್‌ನ ಜೆ ಲೀಗ್ ಕಟ್ಟಿದ್ದ ಕವಾಬುಚಿ ಸಬುರೋ ಅವರನ್ನ ಕರ್ಕೊಂಡು ಬಂದ್ರು, ಎಂಬತ್ತರ ಹತ್ರದ ಮುದುಕ, ಕೆಲವೇ ತಿಂಗಳಲ್ಲಿ ಎರಡೂ ಕಡೆಯೋರನ್ನ ಒಂದೇ ರೂಮಲ್ಲಿ ಕೂರಿಸಿ ಗದರಿಸಿ ಒಂದು ಮಾಡಿಬಿಟ್ಟರು. ಜೆ ಲೀಗ್‌ನೋರು ಬಂದು ಬಾಸ್ಕೆಟ್‌ಬಾಲ್ ರಿಪೇರಿ ಮಾಡ್ಬೇಕಾಯ್ತು ಅಂದ್ರೆ ಇವರ ಸ್ಥಿತಿ ಹೆಂಗಿತ್ತು ಯೋಚ್ನೆ ಮಾಡಿ. ಹಾಗೆ ಹುಟ್ಟಿದ್ದು ಬಿ ಲೀಗ್.

2016ರ ಸೆಪ್ಟೆಂಬರ್ 22, ಟೋಕಿಯೋದ ಯೊಯೋಗಿ ಜಿಮ್ನೇಷಿಯಂ, ಬಿ ಲೀಗ್‌ನ ಮೊಟ್ಟಮೊದಲ ಮ್ಯಾಚ್. ಒಂದು ಕಡೆ ಆಲ್ವಾರ್ಕ್ ಟೋಕಿಯೊ, ಅಂದ್ರೆ ಟೊಯೋಟಾ ಟೀಮ್. ಇನ್ನೊಂದು ಕಡೆ ಕಿಂಗ್ಸ್. ಮೀಡಿಯಾದೋರು ಇದನ್ನ ಎಲೀಟ್ ವರ್ಸಸ್ ಕಳೆಗಿಡ ಅಂತಾನೇ ಬಿಂಬಿಸಿದ್ರು, ಕಳೆಗಿಡ ಯಾರು ಅಂತ ಹೇಳೋದು ಬೇಡ. ಇಡೀ ಕೋರ್ಟೇ ಎಲ್‌ಇಡಿ ಪರದೆ, ಆಟಗಾರರ ಕಾಲ ಕೆಳಗೆ ಬಣ್ಣ ಬದಲಾಗ್ತಾ ಹೋಗುತ್ತೆ, ಪೂರ್ತಿ ಎಲ್‌ಇಡಿ ಕೋರ್ಟ್ ಮೇಲೆ ಅಂಥ ಅಫೀಷಿಯಲ್ ಮ್ಯಾಚ್ ಪ್ರಪಂಚದಲ್ಲೇ ಮೊದಲು. ವಿಡಿಯೋ ಸಿಕ್ರೆ ನೋಡಿ, ಸಖತ್ತಾಗಿದೆ, ಕಣ್ಣು ಮಾತ್ರ ಸ್ವಲ್ಪ ನೋಯುತ್ತೆ. ಆಲ್ವಾರ್ಕ್ 80, ಕಿಂಗ್ಸ್ 75. ಸೋತ್ರು, ಆದ್ರೆ ‘ಇವರು ನಮ್ಮ ಲೆವೆಲ್ ಅಲ್ಲ’ ಅಂತ ಕಂಪನಿ ಟೀಮ್‌ಗಳ ಫ್ಯಾನ್ಸ್ ಹೇಳ್ತಿದ್ದ ಮಾತಿಗೆ ಆ ಐದು ಪಾಯಿಂಟ್ ವ್ಯತ್ಯಾಸನೇ ಉತ್ತರ ಆಯ್ತು.

ಈಗ ಅರೀನಾ ವಿಷಯಕ್ಕೆ ಬರೋಣ, ನಾವು ದುಡ್ಡು ಕೊಡೋದು ಇದಕ್ಕೇ ಅಲ್ವಾ.

ಮೊದಲು ಕಿಂಗ್ಸ್‌ಗೆ ಸ್ವಂತ ಮನೆ ಅಂತ ಇರಲಿಲ್ಲ, ಒಕಿನಾವಾ ಸಿಟಿ ಜಿಮ್, ದ್ವೀಪದ ಮುಖ್ಯ ಊರು ನಾಹಾದ ಜಿಮ್, ಗಿನೋವಾನ್‌ನ ಕನ್ವೆನ್ಷನ್ ಸೆಂಟರ್ ಹೀಗೆ ಸಾಮಾನು ಹೊತ್ಕೊಂಡು ಓಡಾಡ್ತಿದ್ರು. ಜಪಾನಿನ ಊರೂರಲ್ಲಿ ಇರೋ ಮುನಿಸಿಪಲ್ ಜಿಮ್ ನೋಡಿದೋರಿಗೆ ಗೊತ್ತು, ಅದು ಆಡೋರಿಗೆ ಕಟ್ಟಿದ ಕಟ್ಟಡ, ನೋಡೋರಿಗೆ ಅಲ್ಲ. ಬಾಗಿಲಲ್ಲಿ ಶೂ ಬಿಚ್ಚು, ಸ್ಲಿಪ್ಪರ್ ಹಾಕ್ಕೋ, ತಿಂಡಿ ತಿನ್ನಬೇಡ, ಸೀಟು ಎಲ್ಲೋ ದೂರದ ಬಾಲ್ಕನಿಲಿ. ಕಿಂಗ್ಸ್ ಜೊತೆ ಸೇರಿ ಒಕಿನಾವಾ ಸಿಟಿ ಅನ್ನೋ ಊರಿನ ಆಡಳಿತ ಇದನ್ನ ತಲೆಕೆಳಗು ಮಾಡ್ತು. 1,600 ಕೋಟಿ ಯೆನ್‌ಗಿಂತ ಹೆಚ್ಚು ಖರ್ಚಲ್ಲಿ ‘ನೋಡೋದಕ್ಕೆ’ ಅಂತಾನೇ ಒಂದು ಅರೀನಾ, 2021ರಲ್ಲಿ ಓಪನ್ ಆಯ್ತು, ಬಾಸ್ಕೆಟ್‌ಬಾಲ್‌ಗೆ ಸುಮಾರು 8,000 ಜನ. ಕೋಜಾ ಸ್ಪೋರ್ಟ್ಸ್ ಪಾರ್ಕ್ ಒಳಗೆ ಹಳೇ ಗೂಳಿ ಕಾಳಗದ ರಿಂಗ್ ಇದ್ದ ಜಾಗ ಅದು. ಒಕಿನಾವಾದಲ್ಲಿ ಸ್ಪೇನ್ ಥರ ಮನುಷ್ಯ ಗೂಳಿನ ಕೊಲ್ಲೋದಲ್ಲ, ಎರಡು ಗೂಳಿ ಕೊಂಬು ಕೊಟ್ಟು ತಳ್ಳಾಡ್ತವೆ, ಹಿಂದೆ ಸರಿದಿದ್ದು ಸೋತಂಗೆ. ಮೊದಲು ಒಕಿನಾವಾ ಅರೀನಾ ಅಂತಿತ್ತು, 2024ರ ಸೆಪ್ಟೆಂಬರ್‌ನಿಂದ ಹೆಸರು ಒಕಿನಾವಾ ಸಂಟೋರಿ ಅರೀನಾ ಅಂತ ಆಗಿದೆ, ಮ್ಯಾಪಲ್ಲಿ ಹುಡುಕುವಾಗ ಕನ್‌ಫ್ಯೂಸ್ ಆಗ್ಬೇಡಿ, ಎರಡೂ ಒಂದೇ.

ಒಳಗೆ ಕಾಲಿಟ್ಟ ತಕ್ಷಣ ಗೊತ್ತಾಗೋದು ಕಡಿದಾದ ಮೆಟ್ಟಿಲು. ನಾಲ್ಕೂ ಕಡೆ ಬಾವಿ ಥರ ಇಳಿಜಾರು, ನಾನು ಕೂತಿದ್ದು ಮೇಲಿನ ಸಾಲು, ಅಗ್ಗದ್ದು, ಆದ್ರೂ ಬಾಲ್ ಪಾಸ್ ಆಗೋ ಮೊದಲೇ ಎಲ್ಲಿಗೆ ಹೋಗುತ್ತೆ ಅಂತ ಕಾಣ್ತಿತ್ತು, ಎದುರಿನೋರ ತಲೆ ಅಡ್ಡ ಬರಲ್ಲ. ಮಧ್ಯದಲ್ಲಿ ದೊಡ್ಡ ಪರದೆ ನೇತಾಕಿದ್ದಾರೆ, ರಿಪ್ಲೇ ಎಲ್ಲ ಅಲ್ಲೇ. ಕೋರ್ಟ್ ಸೈಡ್ ಸೀಟಿಗೆ ಜಾಸ್ತಿ ದುಡ್ಡು ಸುರಿಯೋ ಅವಶ್ಯಕತೆ ಖಂಡಿತ ಇಲ್ಲ, ಫೋಟೋ ಹಾಕೋಕೆ ಅಂತಿದ್ರೆ ನಿಮ್ಮಿಷ್ಟ, ಆಟ ಅರ್ಥ ಆಗ್ಬೇಕು ಅಂದ್ರೆ ಮೇಲೇ ಚೆನ್ನ.

ಲೈಟ್ ಆಫ್ ಆಗಿ ಆಟಗಾರರ ಹೆಸರು ಕೂಗೋಕೆ ಶುರು ಮಾಡಿದಾಗ ಕಿವಿ ಸೀಳೋ ಸೀಟಿ. ಮೊದಲು ಸ್ಪೀಕರ್ ಅನ್ಕೊಂಡೆ. ಪಕ್ಕದಲ್ಲಿ ನೋಡಿದ್ರೆ ಅರವತ್ತು ದಾಟಿದ ಒಬ್ಬ ಅಜ್ಜಿ, ಕಿಂಗ್ಸ್ ಟವೆಲ್ ಹೆಗಲ ಮೇಲೆ, ತೋರು ಬೆರಳು ಮಡಚಿ ನಾಲಿಗೆ ಕೆಳಗಿಟ್ಟು ಊದ್ತಾ ಇದ್ದಾರೆ, ಮುಖದಲ್ಲಿ ಏನೂ ಇಲ್ಲ, ಮನೇಲಿ ಕುಕ್ಕರ್ ಆಫ್ ಮಾಡೋಷ್ಟು ಸಹಜ. ಒಕಿನಾವಾ ಹಬ್ಬದ ಕುಣಿತದಲ್ಲಿ ಬೆರಳು ಸೀಟಿ ಹಳೇ ಪದ್ಧತಿ, ಅದನ್ನ ಹಾಗೇ ಎತ್ಕೊಂಡು ಬಾಸ್ಕೆಟ್‌ಬಾಲ್‌ಗೆ ತಂದಿದ್ದಾರೆ. ಟೋಕಿಯೊ ಕಡೆ ಮ್ಯಾಚ್‌ಗಳಲ್ಲಿ ಜನ ಒಟ್ಟಿಗೆ ಚಪ್ಪಾಳೆ ಹೊಡೀತಾರೆ, ಶಿಸ್ತಾಗಿ, ಚೆನ್ನಾಗೇ ಇರುತ್ತೆ, ಇಲ್ಲಿ ಮಾತ್ರ ಯಾರಿಗೆ ಯಾವಾಗ ಬೇಕೋ ಆವಾಗ ಸೀಟಿ. ಒಳ್ಳೇ ಬ್ಲಾಕ್ ಬಿದ್ರೆ ಮೂರು ದಿಕ್ಕಿಂದ ಒಟ್ಟಿಗೆ ಬರುತ್ತೆ. ಅಮೆರಿಕನ್ ಬೇಸ್ ಕಡೆಯ ಕುಟುಂಬಗಳೂ ಮಕ್ಕಳನ್ನ ಕರ್ಕೊಂಡು ಬಂದಿರ್ತಾರೆ, ಕಾದೇನಾ ಏರ್‌ಬೇಸ್ ಪಕ್ಕದಲ್ಲೇ ಇದೆಯಲ್ಲ, ಅವರು ಇಂಗ್ಲಿಷಲ್ಲಿ ರೆಫರಿನ ಬೈಯ್ಯೋದು, ಲೋಕಲ್ ಮಕ್ಕಳು ಅದನ್ನ ಕಲಿಯೋದು, ಇದೆಲ್ಲ ನೋಡೋಕೆ ಸಿಗುತ್ತೆ. ‘ಗೋ ಗೋ ಕಿಂಗ್ಸ್’ ಅಂತ ಕೂಗೋಕೆ ಜಪಾನೀಸ್ ಬರ್ಬೇಕು ಅಂತಿಲ್ಲ.

ಇಲ್ಲಿ 2023ರ ವರ್ಲ್ಡ್ ಕಪ್ ಮ್ಯಾಚ್‌ಗಳೂ ನಡೆದಿದ್ದು ನೆನಪಿರಬಹುದು. ಫಿಲಿಪೀನ್ಸ್, ಇಂಡೋನೇಷ್ಯಾ ಜೊತೆ ಜಪಾನ್ ಹೋಸ್ಟ್ ಮಾಡಿದಾಗ ಟೋಕಿಯೊ ಒಸಾಕಾ ಎಲ್ಲ ಬಿಟ್ಟು ಒಕಿನಾವಾಗೆ ಕೊಟ್ರು. ಲೂಕಾ ಡಾನ್ಸಿಚ್ ಸ್ಲೊವೇನಿಯಾ ಪರ ಇಲ್ಲೇ ಆಡಿದ್ದು, ಆಮೇಲೆ ಕಪ್ ಗೆದ್ದ ಜರ್ಮನಿ ಗ್ರೂಪ್ ಮ್ಯಾಚ್ ಆಡಿದ್ದೂ ಇಲ್ಲೇ. ಜಪಾನ್ 18 ಪಾಯಿಂಟ್ ಹಿಂದಿದ್ದು ಫಿನ್ಲೆಂಡನ್ನ 98-88ರಲ್ಲಿ ಸೋಲಿಸಿದ್ದು, ಕೇಪ್ ವರ್ಡೆ ವಿರುದ್ಧ 80-71 ಗೆದ್ದು ಪ್ಯಾರಿಸ್ ಒಲಿಂಪಿಕ್ಸ್ ಟಿಕೆಟ್ ತಗೊಂಡಿದ್ದು, ಎಲ್ಲ ಇದೇ ಅರೀನಾದಲ್ಲಿ. 2014ರಲ್ಲಿ ಸಸ್ಪೆಂಡ್ ಆಗಿದ್ದ ದೇಶ ಅದು.

ಊಟ. ವೆಜ್‌ನೋರು ದಯವಿಟ್ಟು ಇದನ್ನ ಓದಿ. ಒಕಿನಾವಾ ಅಡುಗೆ ಅಂದ್ರೆ ಹಂದಿ ಮಾಂಸ, ಸೋಬಾ ನೂಡಲ್ಸ್ ಅಂತ ನೋಡಿದ್ರೆ ಸೂಪೇ ಹಂದಿ ಮೂಳೆ ಮತ್ತೆ ಮೀನಿಂದು, ಮೇಲೆ ಇಟ್ಟಿರೋ ತುಂಡು ತೆಗೆದುಬಿಟ್ರೆ ವೆಜ್ ಆಗಲ್ಲ ಸ್ವಾಮಿ. ಟ್ಯಾಕೊ ರೈಸ್ ಅನ್ನೋದು ಬೇಸ್ ಪಕ್ಕದ ಊರಲ್ಲಿ ಹುಟ್ಟಿದ ತಿಂಡಿ, ಅನ್ನದ ಮೇಲೆ ಟ್ಯಾಕೊ ಮಸಾಲೆ ಕೀಮಾ, ಲೆಟಿಸ್, ಚೀಸು, ಮಾಂಸ ತಿನ್ನೋರಿಗೆ ಇದೇ ಬೆಸ್ಟ್, ಕೈಯಲ್ಲಿ ಹಿಡ್ಕೊಂಡು ಮ್ಯಾಚ್ ನೋಡಬಹುದು. ವೆಜ್‌ನೋರಿಗೆ ಫ್ರೆಂಚ್ ಫ್ರೈಸು, ಐಸ್‌ಕ್ರೀಮು, ಅಷ್ಟೇ ಅನ್ಕೊಂಡು ಮಧ್ಯಾಹ್ನ ಹೊಟ್ಟೆ ತುಂಬಾ ತಿಂದು ಹೋಗಿ. ಒಕಿನಾವಾದ್ದೇ ಓರಿಯನ್ ಬಿಯರ್, ಹಗುರ, ಸೆಖೆಗೆ ಸರಿಯಾಗುತ್ತೆ, ಡ್ರೈವ್ ಮಾಡೋರು ಮುಟ್ಟಬೇಡಿ, ಅಲ್ಲಿ ರೂಲ್ಸ್ ಕಟ್ಟುನಿಟ್ಟು.

ಆಟದ ಬಗ್ಗೆ ಹೇಳ್ತೀನಿ. ಲೀಗ್ ನಿಯಮದ ಪ್ರಕಾರ ನಾನು ನೋಡಿದಾಗ ಕೋರ್ಟ್ ಮೇಲೆ ಒಂದೇ ಸಲಕ್ಕೆ ಇಬ್ಬರು ವಿದೇಶಿಯರು, ಜೊತೆಗೆ ಜಪಾನ್ ಪೌರತ್ವ ತಗೊಂಡ ಒಬ್ಬ ಅಥವಾ ಏಷ್ಯಾ ಕೋಟಾದ ಒಬ್ಬ. ಹಾಗಾಗಿ ರಿಂಗ್ ಕೆಳಗೆ ದೈತ್ಯರ ಗುದ್ದಾಟ, ಹೊರಗೆ ಚಿಕ್ಕ ಆಳುಗಳ ಓಟ. ದೈತ್ಯ ಅಂದ್ರೆ ಜ್ಯಾಕ್ ಕೂಲಿ, 2019ರಲ್ಲಿ ಬಂದೋನು, ಅದಕ್ಕೂ ಮುಂಚೆ ಎನ್‌ಬಿಎನಲ್ಲಿ ಯೂಟಾ ಜ್ಯಾಜ್‌ಗೂ ಸ್ಯಾಕ್ರಮೆಂಟೋ ಕಿಂಗ್ಸ್‌ಗೂ ಆಡಿದ್ದ, ಅಂದ್ರೆ ಎರಡು ಕಿಂಗ್ಸ್ ಆಯ್ತು. ಮಿಸ್ ಆದ ಬಾಲ್ ಎಲ್ಲಿ ಬೀಳುತ್ತೆ ಅಂತ ಅವನಿಗೆ ಮೊದಲೇ ಗೊತ್ತಿರೋ ಥರ ನಿಂತಿರ್ತಾನೆ, ಬೆನ್ನಲ್ಲಿ ಒಬ್ಬನ್ನ ತಳ್ಕೊಂಡೇ ಹಿಡೀತಾನೆ. ಕಿಂಗ್ಸ್ ಆಟನೇ ಅದು, ಶೂಟ್ ಮಾಡು, ಮಿಸ್ ಆದ್ರೆ ಮತ್ತೆ ಹಿಡಿ, ಮತ್ತೆ ಹಾಕು. ಚೆಂದದ ಆಟ ಅಂತ ಹೇಳಲ್ಲ, ಕೆಲವು ಸಲ ಹತ್ತು ನಿಮಿಷ ಬರೀ ತಳ್ಳಾಟನೇ, ಆ ಗೂಳಿ ರಿಂಗ್ ಜಾಗಕ್ಕೆ ಹೊಂದುತ್ತೆ ಬಿಡಿ.

ಆದ್ರೆ ಕಿಶಿಮೊತೊ ರ್ಯೂಇಚಿ ಬಾಲ್ ಹಿಡಿದಾಗ ಜನ ಎದ್ದು ನಿಲ್ತಾರೆ. 14ನೇ ನಂಬರ್, ಒಕಿನಾವಾದ ನಾಗೋ ಊರಿನೋನು, 176 ಸೆಂಟಿಮೀಟರ್, ಬಿಜೆ ಲೀಗ್ ಕಾಲದಿಂದ ಬೇರೆ ಯಾವ ಕ್ಲಬ್‌ಗೂ ಹೋಗಿಲ್ಲ. ಥ್ರೀ ಪಾಯಿಂಟ್ ಲೈನ್‌ಗಿಂತ ಎರಡು ಹೆಜ್ಜೆ ಹಿಂದೆ ನಿಂತು, ಎದುರಾಳಿ ಇನ್ನೂ ಕೈ ಎತ್ತೋ ಮೊದಲೇ ಬಿಟ್ಟುಬಿಡ್ತಾನೆ. ನಾನು ನೋಡಿದ ಮ್ಯಾಚ್‌ನಲ್ಲೂ ಒಂದು ಹಾಗೆ ಹಾಕಿದ, ಬಾಲ್ ಗಾಳಿಲಿರೋವಾಗಲೇ ಪಕ್ಕದ ಅಜ್ಜಿ ಬೆರಳು ಬಾಯಿಗೆ ಹಾಕಿಯಾಗಿತ್ತು, ಒಳಗೆ ಹೋಗುತ್ತೆ ಅನ್ನೋದರಲ್ಲಿ ಅವರಿಗೆ ಡೌಟೇ ಇಲ್ಲ. ಹೋಯ್ತು.

ರಿಸಲ್ಟ್ ವಿಷಯದಲ್ಲಿ ಈ ಕ್ಲಬ್‌ನ ಫ್ಯಾನ್ ಆದ್ರೆ ಹಾರ್ಟ್ ಗಟ್ಟಿ ಇರ್ಬೇಕು. ಹೊಸ ಅರೀನಾದ ಮೊದಲ ಪೂರ್ತಿ ಸೀಸನ್ 2021-22, ಒಕೆತಾನಿ ಕೋಚ್ ಆಗಿ ವಾಪಸ್ ಬಂದಿದ್ರು, ಇವಾತೆ, ಒಸಾಕಾ, ಸೆಂಡೈ ಎಲ್ಲ ಸುತ್ಕೊಂಡು. 20 ಮ್ಯಾಚ್ ಸತತ ಗೆಲುವು, 49 ಗೆಲುವು 7 ಸೋಲು, ಫೈನಲ್‌ಗೆ (ಮೂರರಲ್ಲಿ ಎರಡು ಮ್ಯಾಚ್ ಗೆಲ್ಲಬೇಕು) ಹೋಗಿ ಉತ್ಸುನೋಮಿಯಾ ಬ್ರೆಕ್ಸ್ ಎದುರು 0-2. ಮುಂದಿನ ವರ್ಷ 2023ರ ಮೇ, ಯೊಕೊಹಾಮಾ ಅರೀನಾ, ಎದುರಿಗೆ ಚಿಬಾ ಜೆಟ್ಸ್, ಆ ಸೀಸನ್ 60ರಲ್ಲಿ 53 ಗೆದ್ದಿದ್ದ ಟೀಮ್. ಮೊದಲ ಮ್ಯಾಚ್ ಡಬಲ್ ಓವರ್‌ಟೈಮ್, 96-93. ಎರಡನೇದು 88-73. ಕಿಂಗ್ಸ್ ಚಾಂಪಿಯನ್. ಬಿಜೆ ಲೀಗ್‌ನಲ್ಲಿ ಕೊನೇತನಕ ಇದ್ದ ಕ್ಲಬ್‌ಗಳಲ್ಲಿ ಬಿ ಲೀಗ್ ಗೆದ್ದ ಮೊದಲನೆಯದು ಇದೇ, ಕಳೆಗಿಡ ಅಂದೋರು ಎಲ್ಲಿದ್ರೋ ಆವತ್ತು. ಆಮೇಲೆ 2024ರಲ್ಲಿ ಮತ್ತೆ ಫೈನಲ್, ಹಿರೋಶಿಮಾ ಡ್ರಾಗನ್‌ಫ್ಲೈಸ್ ಎದುರು ಮೊದಲ ಮ್ಯಾಚ್ ಗೆದ್ದು ಮುಂದಿನ ಎರಡೂ ಸೋತ್ರು. 2025ರಲ್ಲಿ ಮತ್ತೆ ಫೈನಲ್, ಮತ್ತೆ ಉತ್ಸುನೋಮಿಯಾ, ಮೂರನೇ ಮ್ಯಾಚ್‌ನಲ್ಲಿ 73-71ರಲ್ಲಿ ಸೋಲು, ಎರಡೇ ಪಾಯಿಂಟ್. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದ್ರೆ ಇದೇ. ಆ ಸೀಸನ್ ಮಧ್ಯದಲ್ಲಿ, ಫೆಬ್ರವರಿಯಲ್ಲಿ, ಉತ್ಸುನೋಮಿಯಾದ ಕೋಚ್ ಕೆವಿನ್ ಬ್ರಾಸ್ವೆಲ್ ತೀರ್ಕೊಂಡಿದ್ರು, ಆ ಟೀಮ್ ಗೆದ್ದಿದ್ದಕ್ಕೆ ಹೊಟ್ಟೆ ಉರ್ಕೊಳ್ಳೋಕೂ ಮನಸ್ಸು ಬರಲಿಲ್ಲ. ನಾಲ್ಕು ವರ್ಷ ಸತತ ಫೈನಲ್, ಒಂದು ಕಪ್. ಎಂಪರರ್ಸ್ ಕಪ್ ಅನ್ನೋ ಬೇರೆ ರಾಷ್ಟ್ರೀಯ ನಾಕೌಟ್ ಟೂರ್ನಿಲೂ ಇದೇ ಪಾಡು, 2023, 2024 ಎರಡೂ ಸಲ ಫೈನಲ್‌ನಲ್ಲಿ ಚಿಬಾ ಕೈಲಿ ಏಟು, 2024ರದ್ದಂತೂ 117-69, ಮಾತಾಡೋದೇ ಬೇಡ. ಕೊನೆಗೆ 2025ರ ಮಾರ್ಚ್‌ನಲ್ಲಿ ಆ ಕಪ್ ಬಂತು, 60-49, ಎದುರಿಗೆ ಯಾರು, ಆಲ್ವಾರ್ಕ್.

ಇಷ್ಟ ಆಗದಿದ್ದು ಏನು ಅಂದ್ರೆ, ಒಂದು, ಆಟ ನಡೀವಾಗಲೂ ಮ್ಯೂಸಿಕ್ ನಿಲ್ಲಲ್ಲ. ಇದು ಕಿಂಗ್ಸ್ ಒಂದರ ಕಥೆಯಲ್ಲ, ಬಿ ಲೀಗ್ ಪೂರ್ತಿ ಹೀಗೇ, ಅಟ್ಯಾಕ್ ಮಾಡುವಾಗ ಒಂದು ಬೀಟ್, ಡಿಫೆನ್ಸ್‌ಗೆ ಇನ್ನೊಂದು. ಕೋರ್ಟಲ್ಲಿ ಶೂ ಕಿರ್ರನ್ನೋ ಸೌಂಡು, ಆಟಗಾರರು ಒಬ್ಬರಿಗೊಬ್ಬರು ಕೂಗೋದು, ಇವೆಲ್ಲ ಕೇಳ್ಬೇಕು ನಂಗೆ. ಅದೂ ಆ ಸೀಟಿ ಇರೋ ಊರಲ್ಲಿ ಸ್ಪೀಕರ್ ಯಾಕೆ ಬೇಕು ಅಂತ. ಎರಡು, ಟಿಕೆಟ್ ಬೇಗ ಖಾಲಿ ಆಗುತ್ತೆ, ವಾರಾಂತ್ಯದ್ದು, ದೊಡ್ಡ ಎದುರಾಳಿದು ಅಂದ್ರೆ ಮುಗೀತು, ರೇಟೂ ಮ್ಯಾಚ್ ನೋಡ್ಕೊಂಡು ಏರಿಳಿಯುತ್ತೆ. ಇದನ್ನ ಕಂಪ್ಲೇಂಟ್ ಅಂತ ಹೇಳೋಕಾಗಲ್ಲ, ಕೊನೇ ಸ್ಥಾನದಲ್ಲಿದ್ದ ಟೀಮ್‌ಗೆ ಇದು ಬೇಕಾಗಿದ್ದೇ.

ಇನ್ನು ಆ ಅರ್ಧ ಸ್ಟಾರ್. ಅರೀನಾಗೆ ರೈಲಿಲ್ಲ. ಒಕಿನಾವಾದಲ್ಲಿ ಯುದ್ಧಕ್ಕೆ ಮುಂಚೆ ಒಂದು ಪುಟ್ಟ ರೈಲಿತ್ತು, 1945ರ ಯುದ್ಧದಲ್ಲಿ ಎಲ್ಲ ನಾಶ ಆಯ್ತು, ಮತ್ತೆ ಕಟ್ಟಲೇ ಇಲ್ಲ. 2003ರಲ್ಲಿ ಬಂದ ಮೋನೋರೈಲು ನಾಹಾ ಏರ್‌ಪೋರ್ಟ್‌ನಿಂದ ಉರಾಸೋಯೆ ತನಕ ಮಾತ್ರ, ಅರೀನಾ ಇರೋ ಒಕಿನಾವಾ ಸಿಟಿ ಇನ್ನೂ ಎಷ್ಟೋ ಉತ್ತರಕ್ಕೆ. ಹಾಗಾಗಿ ಬಸ್ಸು, ಇಲ್ಲಾ ಬಾಡಿಗೆ ಕಾರು. ಸಂಜೆ ಟ್ರಾಫಿಕ್ ಇದ್ರೆ ನಾಹಾದಿಂದ ಒಂದು ಗಂಟೆ ದಾಟುತ್ತೆ, ಮ್ಯಾಚ್ ಮುಗಿದ ಮೇಲೆ ಸಾವಿರಾರು ಜನ ಒಟ್ಟಿಗೆ ರೋಡಿಗೆ ಬಂದಾಗ ಕೇಳೋದೇ ಬೇಡ, ನಂಗೆ ಟ್ಯಾಕ್ಸಿ ಸಿಕ್ಕಿದ್ದು ಹೊಟ್ಟೆ ಹಸಿದು ಸುಸ್ತಾದ ಮೇಲೆ. ಬುದ್ಧಿವಂತಿಕೆ ಅಂದ್ರೆ ಆ ರಾತ್ರಿ ನಾಹಾಗೆ ವಾಪಸ್ ಬರೋದೇ ಬೇಡ, ಅಲ್ಲೇ ಕೋಜಾ ಕಡೆ ರೂಮ್ ಮಾಡಿ. ಒಕಿನಾವಾ ಸಿಟಿ ಆಗೋ ಮೊದಲು, 1974ಕ್ಕಿಂತ ಮುಂಚೆ, ಆ ಊರಿನ ಹೆಸರು ಕೋಜಾ, ಬೇಸ್ ಗೇಟ್ ಎದುರಿನ ಬೀದಿಲಿ ಇಂಗ್ಲಿಷ್ ಬೋರ್ಡು, ಹಳೇ ರಾಕ್ ಬಾರುಗಳು, ಬಟ್ಟೆಗೆ ಕಸೂತಿ ಹಾಕೋ ಅಂಗಡಿ, ಅದರಲ್ಲಿ ಇಂಡಿಯನ್ ಟೈಲರ್ ಅಂಗಡಿ ಬೋರ್ಡೂ ಕಾಣುತ್ತೆ. ಮ್ಯಾಚ್ ದಿನ ಅಲ್ಲಿ ಬಾರ್‌ಗಳಲ್ಲಿ ಎಲ್ಲರ ಮೈಮೇಲೂ ಕಿಂಗ್ಸ್ ಟೀಶರ್ಟು.

ಯಾರು ಹೋಗ್ಬೇಕು, ಯಾರು ಬೇಡ. ಮಕ್ಕಳಿರೋ ಫ್ಯಾಮಿಲಿ ಕಣ್ಣು ಮುಚ್ಕೊಂಡು ಹೋಗಿ, ತುಂಬಾ ಸೇಫ್, ಕ್ಲೀನ್, ಪುಟ್ಟ ಮಕ್ಕಳಿಗೆ ಮಾತ್ರ ಕಿವಿಗೆ ಏನಾದ್ರೂ ಹಾಕಿ. ಎನ್‌ಬಿಎ ಬಿಟ್ರೆ ಬೇರೆ ನೋಡಲ್ಲ ಅನ್ನೋ ಬಾಸ್ಕೆಟ್‌ಬಾಲ್ ಪಂಡಿತರು ಮೊದಲ ಕ್ವಾರ್ಟರ್ ಮೂಗು ಮುರೀತೀರ, ನಾಲ್ಕನೇದರಲ್ಲಿ ಎದ್ದು ನಿಂತಿರ್ತೀರ. ಶಾಂತವಾಗಿ ರಜೆ ಕಳೀಬೇಕು ಅನ್ನೋರು ಬೀಚ್‌ಗೇ ಹೋಗಿ.

ಹೋಗೋದು ಯಾವಾಗ ಅಂದ್ರೆ, ಈಗ ಲೀಗ್ ಮತ್ತೆ ಬದಲಾಗ್ತಿದೆ. 2026ರ ಸೀಸನ್‌ನಿಂದ ಟಾಪ್ ಡಿವಿಷನ್ ಹೆಸರು ಬಿ ಪ್ರೀಮಿಯರ್, ಅದಕ್ಕೆ ಸೇರೋಕೆ ಸರಾಸರಿ 4,000 ಪ್ರೇಕ್ಷಕರು, ವರ್ಷಕ್ಕೆ 120 ಕೋಟಿ ಯೆನ್ ವ್ಯವಹಾರ, 5,000 ಸೀಟಿನ ಅರೀನಾ ಅಂತ ಕಂಡೀಷನ್ ಹಾಕಿದ್ದಾರೆ, ಬರೀ ಆಟ ಗೆದ್ರೆ ಸಾಕಾಗಲ್ಲ. ಕಿಂಗ್ಸ್ ಮೊದಲ ಬ್ಯಾಚ್‌ನಲ್ಲೇ ಲೈಸೆನ್ಸ್ ತಗೊಂಡ್ರು, ಅರೀನಾ ಆಗಲೇ ಇತ್ತಲ್ಲ. ನಾಗಸಾಕಿ, ಕೋಬೆ, ಚಿಬಾ, ಟೋಕಿಯೊ ಕಡೆ ಹೊಸ ಅರೀನಾಗಳು ಬಂದಿದ್ದೆಲ್ಲ ಒಕಿನಾವಾದ್ದು ಆದ ಮೇಲೇ, ಟೊಯೋಟಾ ತನ್ನ ಟೀಮ್‌ಗೆ ಸ್ವಂತ ಅರೀನಾ ತೆರೆದಿದ್ದು 2025ರಲ್ಲಿ, ಒಕಿನಾವಾಗಿಂತ ನಾಲ್ಕು ವರ್ಷ ಲೇಟಾಗಿ. ಇನ್ನೊಂದು ತಮಾಷೆ, ಹೊಸ ಲೀಗ್‌ನಲ್ಲಿ ಸ್ಯಾಲರಿ ಕ್ಯಾಪ್ ಇದೆ, 80 ಕೋಟಿ ಯೆನ್, ಡ್ರಾಫ್ಟೂ ಇದೆ. 2005ರಲ್ಲಿ ಬಿಜೆ ಲೀಗ್‌ನೋರು ಇದನ್ನೇ ಮಾಡಿದಾಗ ನಕ್ಕಿದ್ದೋರ ಲಿಸ್ಟ್ ಉದ್ದ ಇತ್ತು. ಈಗ ಟೊಯೋಟಾ ಎಷ್ಟೇ ಶ್ರೀಮಂತ ಆಗಿರ್ಲಿ, ಪ್ಲೇಯರ್ಸ್‌ಗೆ ಕೊಡೋ ಸಂಬಳಕ್ಕೆ ಕಿಂಗ್ಸ್‌ಗೆ ಇರೋ ಮಿತಿನೇ. ಹಾಗಾಗಿ ಫಿಕ್ಸ್ಚರ್ ನೋಡುವಾಗ ಒಕಿನಾವಾಗೆ ಆಲ್ವಾರ್ಕ್ ಬರೋ ವಾರಾಂತ್ಯ ಇದ್ರೆ ಅದಕ್ಕೇ ಬುಕ್ ಮಾಡಿ, ಶನಿವಾರ ಭಾನುವಾರ ಎರಡು ದಿನನೂ ಅದೇ ಎರಡು ಟೀಮ್ ಆಡ್ತವೆ, ಒಂದು ದಿನದ ಟಿಕೆಟ್ ಸಿಕ್ಕಿಲ್ಲ ಅಂದ್ರೆ ಇನ್ನೊಂದು ದಿನ ಟ್ರೈ ಮಾಡಬಹುದು.